ಅಂಕೋಲೆಯಲ್ಲಿ ಸಿಡಿದದ್ದು ಶಿರಸಿಯಲ್ಲಿ ಕಚ್ಚಿಕೊಂಡಿತು: ಬ್ಲಾಂಕ್ ಪಿಸ್ತೂಲಿನ ದೋಷ ಹುಡುಕಿದ ಬಗೆ

ದೋಷ ಇಷ್ಟು. ಅಂಕೋಲೆ ಕಡೆ ಮಧ್ಯಾಹ್ನದ ಬಿಸಿಲಲ್ಲಿ 12 ಸಲ ಹೊಡೆದೆವು, 12 ಸಲವೂ ಸರಿಯಾಗಿ ಸಿಡಿಯಿತು. ಅದೇ ಪಿಸ್ತೂಲು, ಅದೇ ಡಬ್ಬಿಯ ತೋಟೆ. ಮೂರು ದಿನ ಬಿಟ್ಟು ಶಿರಸಿಯಲ್ಲಿ ರಾತ್ರಿ ಹತ್ತು ಗಂಟೆಗೆ ಹೊಡೆದರೆ ಮೊದಲ ಏಟಿಗೇ ಜಾಮ್. ಮರುದಿನ ಮಧ್ಯಾಹ್ನ ಮತ್ತೆ ಸರಿ. ಆ ರಾತ್ರಿ ಮತ್ತೆ ಜಾಮ್.

ಬ್ಲಾಂಕ್ ಪಿಸ್ತೂಲನ್ನು, ಅಂದರೆ ಗುಂಡು ಹಾರದೆ ಸದ್ದು ಬೆಂಕಿ ಮಾತ್ರ ಬರುವ ಪಿಸ್ತೂಲನ್ನು, ಮೊದಲ ಸಲ ಕೈಗೆ ತೆಗೆದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ. ಅಡಿಕೆ ಸುಲಿಯುವ ಮಷೀನು, ಕಳೆ ಕೊಚ್ಚುವ ಮಷೀನು, ಔಷಧಿ ಹೊಡೆಯುವ ಪಂಪು, ಇವುಗಳ ರಿಪೇರಿ ನನ್ನ ಕಸುಬು. ಕೋವಿಯ ಪಂಡಿತ ನಾನಲ್ಲ. ನಮ್ಮ ನಾಟಕದ ತಂಡದಲ್ಲಿ ಲೈಟು, ಪರದೆ, ಸಾಮಾನು ಎಲ್ಲಾ ನನ್ನ ತಲೆಗೇ ಬರುತ್ತದೆ. ಹಾಗಾಗಿ ಇದೂ ಬಂತು.

ಪಿಸ್ತೂಲು ಬಂದದ್ದು ಹೇಗೆ

ನಾಟಕ 1930ರ ಕಾಲದ್ದು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲೆ ಅಂಕೋಲೆ ಸಿದ್ದಾಪುರ ಕಡೆ ನಡೆದ ಕರನಿರಾಕರಣೆ, ಅದರ ಸುತ್ತ ಹೆಣೆದದ್ದು. ಕೊನೆಯ ದೃಶ್ಯದಲ್ಲಿ ಬಿಳಿ ಸಾಹೇಬ ಜನರನ್ನು ಚದುರಿಸಲು ಆಕಾಶಕ್ಕೆ ಮೂರು ಗುಂಡು ಹಾರಿಸುತ್ತಾನೆ. ಇದು ನಾಟಕದವರ ಕಲ್ಪನೆ, ಇತಿಹಾಸ ಅಂತ ತಿಳಿಯಬೇಡಿ. ಮೊದಲೆಲ್ಲಾ ಪರದೆಯ ಹಿಂದೆ ದೀಪಾವಳಿ ಪಟಾಕಿ ಹೊಡೆಯುತ್ತಿದ್ದೆವು. ಒಂದು ಸಲ ಸಾಹೇಬ ಕೈ ಎತ್ತಿ ನಿಂತೇ ಇದ್ದ, ಪಟಾಕಿ ಟುಸ್ ಅಂದಿತು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಸಾಹೇಬನ ಪಾತ್ರ ಮಾಡುವವರು ಅಂಕೋಲೆಯ ಮೇಷ್ಟ್ರು. ಅವರಿಗೆ ಅದು ಹೊಟ್ಟೆಗೆ ಹೋಗಲಿಲ್ಲ. ಈ ಸಲ ಅಸಲಿ ಹಾಗೇ ಕಾಣುವ, ಬೆಂಕಿ ಉಗುಳುವ ಪಿಸ್ತೂಲೇ ಬೇಕು ಅಂತ ಹಟ ಹಿಡಿದರು.

ಬೇಕು ಅಂದ ಮಾತ್ರಕ್ಕೆ ತರಿಸಿಕೊಳ್ಳುವ ಸಾಮಾನಲ್ಲ ಇದು. ಗುಂಡು ಹೋಗದಿದ್ದರೂ ಇದು ಆಟಿಕೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮ ಅಂತೆಲ್ಲಾ ಇದೆ. ಪರವಾನಗಿ ಇದ್ದು ನಾಟಕ ಸಿನಿಮಾಕ್ಕೆ ಬಾಡಿಗೆ ಕೊಡುವವರಿಂದ ತರಿಸಿದೆವು. ಅವರ ಮನುಷ್ಯ ಒಬ್ಬರು ಜೊತೆಗೇ ಬಂದರು. ಪಿಸ್ತೂಲು ಅವರ ಪೆಟ್ಟಿಗೆಯಲ್ಲೇ ಮಲಗುತ್ತಿತ್ತು, ಬೀಗದ ಕೈ ಅವರ ಸೊಂಟದಲ್ಲೇ. ಇಲ್ಲಿ ಅವರನ್ನು ಉಸ್ತಾದರು ಅಂತ ಕರೆಯುತ್ತೇನೆ. ನಾವೆಲ್ಲರೂ ಹಾಗೇ ಕರೆಯುತ್ತಿದ್ದೆವು. 50 ತೋಟೆಯ ಒಂದು ಡಬ್ಬಿ ತಂದಿದ್ದರು. ಒಂದೊಂದಕ್ಕೂ ಲೆಕ್ಕ. ಹೊಡೆದದ್ದರ ಖಾಲಿ ಕೇಸನ್ನೂ, ಅಂದರೆ ತೋಟೆಯ ಲೋಹದ ಕವಚವನ್ನೂ, ಎಣಿಸಿ ವಾಪಸ್ ಒಯ್ಯಬೇಕು.

ಬಂದದ್ದು ಮ್ಯಾಗಜಿನ್, ಅಂದರೆ ತೋಟೆ ತುಂಬಿ ಹಿಡಿಕೆಯೊಳಗೆ ತೂರಿಸುವ ಗೂಡು, ಹಾಕುವ ಆಟೋಮ್ಯಾಟಿಕ್ ಮಾದರಿ. 1930ರ ಪೊಲೀಸ್ ಸಾಹೇಬನ ಕೈಗೆ ರಿವಾಲ್ವರ್ ಒಪ್ಪುತ್ತಿತ್ತು. ಆದರೆ ರಿವಾಲ್ವರ್ ಬೇರೆ ಯಾವುದೋ ಶೂಟಿಂಗಿಗೆ ಹೋಗಿತ್ತಂತೆ. ಇರಲಿ, ರಾತ್ರಿ ಹತ್ತೂವರೆಗೆ ನಾಟಕ ನೋಡುವವರು ಯಾರೂ ಅದನ್ನು ಕೇಳುವುದಿಲ್ಲ. ಹೊಸಬರು ಇಲ್ಲಿ ಒಂದು ಗಮನಿಸಬೇಕು. ಆಟೋಮ್ಯಾಟಿಕ್ ಬ್ಲಾಂಕ್ ಪಿಸ್ತೂಲಿಗೆ ಬರುವ 9 ಎಂಎಂ ಪಿ.ಎ.ಕೆ. ತೋಟೆ ಬೇರೆ, ರಿವಾಲ್ವರಿಗೆ ಬರುವ 9 ಎಂಎಂ ಬ್ಲಾಂಕ್ ಬೇರೆ. ಎರಡೂ ಡಬ್ಬಿಯ ಮೇಲೆ 9 ಅಂತಲೇ ಇರುತ್ತದೆ. ರಿವಾಲ್ವರಿನದಕ್ಕೆ ಹಿಂಬದಿಯಲ್ಲಿ ಅಂಚು ಹೊರಗೆ ಚಾಚಿರುತ್ತದೆ. ಮೊದಲ ದಿನವೇ ಜಾಮ್ ಆದರೆ ಡಬ್ಬಿಯ ಮೇಲಿನ ಹೆಸರು ಓದಿ. ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ. ನಮ್ಮದು ಅಲ್ಲಿರಲಿಲ್ಲ.

ಅಂಕೋಲೆಯ ಆ ಮಧ್ಯಾಹ್ನ

ಕಾರವಾರದ ಕಡಲ ತೀರದಲ್ಲಿ ಹೊಡೆದು ನೋಡೋಣ ಅಂದವರು ಇದ್ದರು. ಅರ್ಗಾ ಕಡೆ ನೌಕಾನೆಲೆ ಇರುವ ಊರು ಅದು. ಅಲ್ಲಿ ಢಂ ಅನ್ನಿಸಿದರೆ ಉತ್ತರ ಹೇಳುವುದರಲ್ಲೇ ದಿನ ಕಳೆದೀತು. ಅಂಕೋಲೆಯ ಒಳಗಡೆ ಕೆಲಸ ನಿಂತ ಒಂದು ಚಿರೇಕಲ್ಲಿನ ಕಣಿ ಇತ್ತು. ಮೂರು ಕಡೆ ಕಲ್ಲಿನ ಗೋಡೆ, ಒಂದೇ ದಾರಿ. ಜಾಗದ ಯಜಮಾನರನ್ನು ಕೇಳಿದೆವು, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿದೆವು, ಪಕ್ಕದ ನಾಲ್ಕು ಮನೆಗೂ ಹೋಗಿ ಹೇಳಿ ಬಂದೆವು. ನಮ್ಮ ಜಿಲ್ಲೆಯಲ್ಲಿ ಸದ್ದು ಕೇಳಿದರೆ ಮೊದಲು ಬರುವ ಯೋಚನೆ ಕಾಡುಹಂದಿಗೆ ಯಾರೋ ಈಡು ಹೊಡೆದರು ಅಂತ. ಅದರ ಹಿಂದೆ ಅರಣ್ಯ ಇಲಾಖೆಯ ಜೀಪು ಬರುತ್ತದೆ.

ಉಸ್ತಾದರು ಮೊದಲು ಕಿವಿಗೆ ಹಾಕುವ ಮಫ್, ಕಣ್ಣಿಗೆ ಕನ್ನಡಕ ಕೊಟ್ಟರು. ಬಯಲಲ್ಲೇ ಅಲ್ವಾ, ಬೇಕಾ ಅಂದೆ. ಕಣಿಯ ಗೋಡೆ ಸದ್ದನ್ನು ವಾಪಸ್ ಹೊಡೆಯುತ್ತದೆ ಅಂದರು. ಇಂಥ ಒಂದೇ ಏಟಿನ ಸದ್ದು 140 ಡೆಸಿಬಲ್ ದಾಟಿದರೆ ಕಿವಿಗೆ ಶಾಶ್ವತ ಪೆಟ್ಟು ಬೀಳಬಹುದು. ಬ್ಲಾಂಕ್ ಪಿಸ್ತೂಲಿನ ಹತ್ತಿರ ನಿಂತವರಿಗೆ ಆ ಮಟ್ಟದ ಸದ್ದು ಸುಲಭವಾಗಿ ಬಡಿಯುತ್ತದೆ. ನಾನು ಕಳೆ ಕೊಚ್ಚುವ ಮಷೀನಿನ ಸದ್ದಿಗೆ ಒಗ್ಗಿದವನು, ನನಗೇನು ಅಂದುಕೊಂಡಿದ್ದೆ. ಮಫ್ ಹಾಕಿಕೊಂಡೂ ಮೊದಲ ಏಟಿಗೆ ಬೆಚ್ಚಿಬಿದ್ದೆ.

ಗುಂಡಿಲ್ಲ ಅಂದ ಮೇಲೆ ಅಪಾಯ ಏನು ಅಂತ ಮೇಷ್ಟ್ರು ಕೇಳಿದರು. ಉಸ್ತಾದರು ಎರಡು ಕಥೆ ಹೇಳಿದರು. 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಶೂಟಿಂಗಿನ ಬಿಡುವಿನಲ್ಲಿ ಸುಮ್ನೆ ತಮಾಷೆಗೆ ಬ್ಲಾಂಕ್ ತುಂಬಿದ ರಿವಾಲ್ವರನ್ನು ತಲೆಯ ಪಕ್ಕಕ್ಕೆ ಇಟ್ಟು ಒತ್ತಿಕೊಂಡ. ಗುಂಡಿರಲಿಲ್ಲ. ಒತ್ತಡಕ್ಕೇ ತಲೆಬುರುಡೆ ಒಡೆದು ಸತ್ತ. 1993ರಲ್ಲಿ ಇನ್ನೊಬ್ಬ ನಟ ಬ್ರಾಂಡನ್ ಲೀ ಶೂಟಿಂಗಿನಲ್ಲಿ ಸತ್ತದ್ದು ಬ್ಯಾರಲ್ಲಿನಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಗುಂಡನ್ನು ಬ್ಲಾಂಕ್ ತಳ್ಳಿದ್ದಕ್ಕೆ. ಮೇಷ್ಟ್ರು ಆಮೇಲೆ ಪಿಸ್ತೂಲನ್ನು ಹಾವು ಹಿಡಿದ ಹಾಗೆ ಹಿಡಿದರು. ಇದೂ ಒಂದು ತೊಂದರೆಯೇ, ಮುಂದೆ ಹೇಳುತ್ತೇನೆ. ಯಾರ ಕಡೆಗೂ ತೋರಿಸಬಾರದು, ಎದುರಿಗೆ 6 ಮೀಟರ್ ಒಳಗೆ ಯಾರೂ ಇರಬಾರದು ಅಂತ ನಮ್ಮ ನಮ್ಮಲ್ಲೇ ನಿಯಮ ಮಾಡಿಕೊಂಡೆವು.

ಹೊಡೆಯುವ ಕ್ರಮ ನನಗೆ ಹಿಡಿಸಿತು. ಮ್ಯಾಗಜಿನ್ನಿಗೆ ಒಂದೇ ತೋಟೆ ಹಾಕಿ ಒಂದು ಸಲ. ಆಮೇಲೆ ಎರಡು. ಆಮೇಲೆ ಮೂರು. ಒಂದರಲ್ಲಿ ಸಿಡಿದು ಖಾಲಿ ಕೇಸು ಹೊರಗೆ ಹಾರಿದರೆ, ಹೊಡೆಯುವ ಮತ್ತು ಉಗುಳುವ ಕೆಲಸ ಸರಿ ಇದೆ ಅಂತ ಅರ್ಥ. ಎರಡು ಹಾಕಿದಾಗ ಎರಡನೆಯದು ಮೇಲೆ ಬರದಿದ್ದರೆ ಮ್ಯಾಗಜಿನ್ನಿನ ಕಡೆ ನೋಡಬೇಕು. ಮೊದಲೇ ತುಂಬಾ ತುಂಬಿಸಿಬಿಟ್ಟರೆ ಯಾವುದು ಯಾವುದರ ತಪ್ಪು ಅಂತ ತಿಳಿಯುವುದಿಲ್ಲ. 1, 2, 3, ಆಮೇಲೆ 6. ಒಟ್ಟು 12. ಎಲ್ಲಾ ಸರಿ. ಕೇಸುಗಳು ಬಲಗಡೆಗೆ ಹಾರಿದವು. ಒಂದು ನನ್ನ ಅಂಗಿಯ ಕಾಲರಿನೊಳಗೆ ಬಿದ್ದು ಚುರ್ ಅನ್ನಿಸಿತು. ಬಿಸಿ ಇರುತ್ತದೆ, ಬಲಗಡೆ ನಿಲ್ಲಬೇಡಿ.

ಅಲ್ಲಿಂದ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋದೆವು. ಉಸ್ತಾದರು ಊಟಕ್ಕೆ ಕೂತರು. ನಾನು ಪಕ್ಕದಲ್ಲೇ ಕೂತು, ಅವರನ್ನು ಕೇಳಿಯೇ, ಖಾಲಿ ಮಾಡಿದ ಪಿಸ್ತೂಲನ್ನು ಒರೆಸಿದೆ. ಹೊಗೆಯ ಮಸಿ ತೇವ ಎಳೆದುಕೊಳ್ಳುತ್ತದೆ, ಮೇಲೆ ಕಡಲಿನ ಉಪ್ಪು ಗಾಳಿ ಬೇರೆ. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಸ್ಪ್ರಿಂಗಿಗೆ ತುಕ್ಕು ಅಂತ ನನಗೆ ಗೊತ್ತು. ಆ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಒರೆಸಿದೆ ಅಂದೆನಲ್ಲ, ಯಾವುದರಿಂದ ಅಂತ ಆಗ ನಾನೂ ನೆನಪಿಟ್ಟುಕೊಳ್ಳಲಿಲ್ಲ.

ಶಿರಸಿಯ ರಾತ್ರಿ: ಮೂರು ರೋಗ ಒಟ್ಟಿಗೆ

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆವು. ಡಿಸೆಂಬರ್. ಶುಕ್ರವಾರ ರಾತ್ರಿ ಬಯಲಲ್ಲಿ ತಾಲೀಮು. ಹತ್ತು ಗಂಟೆಗೆ ಕೊನೆಯ ದೃಶ್ಯ.

ಮೊದಲ ಏಟು ಸಿಡಿಯಿತು. ಆದರೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅರ್ಧಕ್ಕೇ ಬಂದು ನಿಂತಿತು. ಖಾಲಿ ಕೇಸು ಹೊರಗೆ ಹಾರದೆ, ಬಾಯಿಯಲ್ಲಿ ಬೀಡಿ ಕಚ್ಚಿಕೊಂಡ ಹಾಗೆ ಮೇಲ್ಮುಖವಾಗಿ ನಿಂತಿತ್ತು. ಉಸ್ತಾದರು ಮ್ಯಾಗಜಿನ್ ಇಳಿಸಿ, ಅದನ್ನು ತೆಗೆದು, ಮತ್ತೆ ತುಂಬಿಕೊಟ್ಟರು. ಮೇಷ್ಟ್ರು ಒತ್ತಿದರು. ಕ್ಲಿಕ್. ಅಷ್ಟೇ.

ಹೊಸಬರು ತಪ್ಪು ಮಾಡುವ ಜಾಗ ಇದು. ಕ್ಲಿಕ್ ಅಂದ ಕೂಡಲೇ ಪಿಸ್ತೂಲನ್ನು ತಿರುಗಿಸಿ ಮೂತಿ ನೋಡುವ ಚಟ ಎಲ್ಲರಿಗೂ ಇದೆ. ಮೇಷ್ಟ್ರೂ ನೋಡಲು ಹೊರಟರು. ಉಸ್ತಾದರು "ಕೈ ಹಾಗೇ ಇರಲಿ ಮೇಷ್ಟ್ರೇ" ಅಂತ ಜೋರಾಗಿ ಕೂಗಿದರು. ಕೆಲವು ತೋಟೆ ತಡವಾಗಿ ಸಿಡಿಯುತ್ತವೆ. ಮೂತಿ ಯಾರೂ ಇಲ್ಲದ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸಬೇಕು. ಆಮೇಲೆ ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ತೋಟೆ ಹೊರಗೆ ಬೀಳಿಸಬೇಕು. ಈ ಅನುಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿದ್ದಾಗಲೇ ಸ್ಲೈಡ್ ಎಳೆದರೆ ಒಂದು ಹೊರಬಿದ್ದು ಇನ್ನೊಂದು ಒಳಗೆ ಕೂರುತ್ತದೆ. ಖಾಲಿ ಆಯಿತು ಅಂತ ನೀವು ನಂಬಿರುತ್ತೀರಿ.

ಬಿದ್ದ ತೋಟೆಯನ್ನು ಟಾರ್ಚಿನಲ್ಲಿ ನೋಡಿದೆವು. ಹಿಂಬದಿಯ ಚುಕ್ಕೆಯಲ್ಲಿ, ತೋಟೆಯನ್ನು ಕುಟ್ಟಿ ಸಿಡಿಸುವ ಪಿನ್ನಿನ ಗುರುತು ಇತ್ತು, ಆದರೆ ತೆಳ್ಳಗೆ ಸವರಿದ ಹಾಗೆ. ಗುರುತು ಆಳವಾಗಿದ್ದೂ ಸಿಡಿಯದಿದ್ದರೆ ತೋಟೆಯದು ತಪ್ಪು. ಗುರುತೇ ತೆಳುವಾಗಿದ್ದರೆ ಪಿಸ್ತೂಲಿನದು. ಇದು ಎರಡನೆಯದು. ಆ ತೋಟೆಯನ್ನು ಮತ್ತೆ ಹೊಡೆಯಬಹುದಲ್ಲ ಅಂದೆ. ಉಸ್ತಾದರು ತಲೆ ಅಲ್ಲಾಡಿಸಿ ಬೇರೆ ಕಿಸೆಗೆ ಹಾಕಿಕೊಂಡರು.

ಮತ್ತೊಂದು ಪ್ರಯತ್ನ. ಈ ಸಲ ಸಿಡಿಯಿತು, ಕೇಸೂ ಹಾರಿತು, ಆದರೆ ಮುಂದಿನ ತೋಟೆ ಮೇಲೆ ಬರಲೇ ಇಲ್ಲ. ತೋಟೆ ಕೂರುವ ಕೋಣೆ ಖಾಲಿ ಇದ್ದ ಹಾಗೇ ಸ್ಲೈಡ್ ಅದರ ಮೇಲೆ ಮುಚ್ಚಿಕೊಂಡಿತು.

ಅಂದರೆ ಉಗುಳುವುದು, ಕುಟ್ಟುವುದು, ಉಣಿಸುವುದು, ಮೂರೂ ಒಂದೇ ರಾತ್ರಿ ಕೆಟ್ಟಿತ್ತು. ನನ್ನ ಕಸುಬಿನಲ್ಲಿ ಒಂದು ಮಷೀನಿಗೆ ಒಂದೇ ದಿನ ಮೂರು ಬೇರೆ ಬೇರೆ ರೋಗ ಬರುವುದು ಬಹಳ ಅಪರೂಪ. ಆದರೆ ಆವತ್ತು ಅದು ಹೊಳೆಯಲಿಲ್ಲ. ಮೂರಕ್ಕೂ ಮೂರು ಕಾರಣ ಹುಡುಕಲು ಹೊರಟೆ.

ಸುಮ್ನೆ ಸುತ್ತಿದ ದಾರಿಗಳು

ಈ ಪಿಸ್ತೂಲು ಕೆಲಸ ಮಾಡುವ ರೀತಿಯನ್ನು ಉಸ್ತಾದರು ಬಿಡಿಸಿ ತೋರಿಸಿದ್ದರಿಂದ ಅರ್ಧ ತಿಳಿಯಿತು. ಅಸಲಿ ಪಿಸ್ತೂಲಿನಲ್ಲಿ ಗುಂಡು ಮುಂದೆ ಹೋಗುವ ಒದೆತಕ್ಕೆ ಸ್ಲೈಡ್ ಹಿಂದೆ ಬರುತ್ತದೆ. ಇದರಲ್ಲಿ ಗುಂಡೇ ಇಲ್ಲ, ಒದೆಯುವುದಕ್ಕೆ ಏನೂ ಇಲ್ಲ. ಅದಕ್ಕೇ ಬ್ಯಾರಲ್ಲಿನೊಳಗೆ ಗಟ್ಟಿ ಲೋಹದ ಅಡ್ಡ ಇಟ್ಟಿರುತ್ತಾರೆ. ಹೊಗೆ ಹೊರಹೋಗಲು ದಾರಿ ಕಿರಿದಾಗಿ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಕೇಸನ್ನು ಹಿಂದಕ್ಕೆ ತಳ್ಳಿ, ಕೇಸು ಸ್ಲೈಡನ್ನು ತಳ್ಳುತ್ತದೆ. ಇರುವ ಬಲ ಅಷ್ಟೇ, ಹೆಚ್ಚಿನ ಮಿಗತೆ ಇಲ್ಲ. ಎಲ್ಲೋ ಒಂದು ಕಡೆ ಸ್ವಲ್ಪ ಬಿಗಿಯಾದರೂ ಸ್ಲೈಡ್ ಅರ್ಧ ದಾರಿಯಲ್ಲಿ ಸುಸ್ತಾಗುತ್ತದೆ. ಆ ಅಡ್ಡವನ್ನು ಮುಟ್ಟುವ ಯೋಚನೆ ಯಾರಿಗೂ ಬರಬಾರದು. ಮೈ ಎಲ್ಲಾ ಜಮಾಕ್, ಅಂದರೆ ಸತುವಿನ ಮಿಶ್ರಲೋಹ. ಎರಕ ಹೊಯ್ಯಲು ಚೆನ್ನ, ಉಕ್ಕಿನ ತಾಕತ್ತು ಇಲ್ಲ. ಮುಟ್ಟಿದರೆ ಕೈಯಲ್ಲೇ ಒಡೆಯುತ್ತದೆ, ಅದು ಅಪರಾಧ ಕೂಡ.

ನನ್ನ ಮೊದಲ ಅನುಮಾನ ತೋಟೆಯ ಮೇಲೆ. ಘಟ್ಟದ ಕೆಳಗೆ ತೇವ ಎಳೆದುಕೊಂಡಿರಬೇಕು ಅಂತ. ಒಂದು ರಾತ್ರಿ ಅಕ್ಕಿ ಡಬ್ಬದಲ್ಲಿ ಇಡೋಣ ಅಂದೆ. ನೀರಿಗೆ ಬಿದ್ದ ಮೊಬೈಲಿಗೆ ಮಾಡುತ್ತಾರಲ್ಲ, ಹಾಗೆ. ಉಸ್ತಾದರು ನಕ್ಕುಬಿಟ್ಟರು. ಊಟದ ಅಕ್ಕಿಗೂ ಇದಕ್ಕೂ ಸಂಬಂಧ ಬೇಡ ಅಂದರು. ಶನಿವಾರ ಮಧ್ಯಾಹ್ನ ಅದೇ ಡಬ್ಬಿಯ 6 ತೋಟೆ ಹೊಡೆದೆವು. ಆರಕ್ಕೆ ಆರೂ ಸಿಡಿದವು. ತೇವದ ಕಥೆ ಅಲ್ಲಿಗೆ ಮುಗಿಯಿತು. ಬೆಳಗಿನಿಂದ ಮಧ್ಯಾಹ್ನದೊಳಗೆ ಡಬ್ಬಿಯೊಳಗಿನ ತೋಟೆ ಒಣಗುವುದಿಲ್ಲ.

ಎರಡನೆಯದು ಮೇಷ್ಟ್ರ ಕೈ. ಇಲ್ಲಿ ನಿಜವಾಗಿಯೂ ತಪ್ಪಿತ್ತು. ಸ್ಲೈಡನ್ನು ಹಿಂದಕ್ಕೆ ಎಳೆದು, ಬಿಡದೆ, ಕೈಯಲ್ಲೇ ಹಿಡಿದುಕೊಂಡು ಮುಂದಕ್ಕೆ ಕರೆದೊಯ್ಯುತ್ತಿದ್ದರು, ಮಗುವನ್ನು ನಡೆಸಿದ ಹಾಗೆ. ಹಾಗೆ ಮಾಡಿದರೆ ಸ್ಪ್ರಿಂಗಿನ ಪೂರ್ತಿ ಬಲ ಸಿಗದೆ ತೋಟೆ ಅರ್ಧ ಕೂರುತ್ತದೆ. ಪೂರ್ತಿ ಎಳೆದು ಫಟ್ ಅಂತ ಬಿಡಬೇಕು. ಜೊತೆಗೆ ಆ ಎರಡು ಸಾವಿನ ಕಥೆ ಕೇಳಿದ ಮೇಲೆ ಅವರು ಹಿಡಿ ಸಡಿಲ ಬಿಟ್ಟಿದ್ದರು. ಕೈ ಸಡಿಲ ಇದ್ದರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲೂ ಹಿಂದೆ ಬರುತ್ತದೆ, ಸ್ಲೈಡ್ ಓಡುವ ದೂರ ಕಮ್ಮಿಯಾಗುತ್ತದೆ. "ತೆಂಗಿನಕಾಯಿ ಸುಲಿಯುವಾಗ ಹಾರೆ ಅಲ್ಲಾಡಿದರೆ ಹೇಗೆ ಮೇಷ್ಟ್ರೇ" ಅಂದೆ. ಕೂಡಲೇ ಅರ್ಥವಾಯಿತು. ಖಾಲಿ ಪಿಸ್ತೂಲಿನಲ್ಲಿ ಐವತ್ತು ಸಲ ಎಳೆದು ಬಿಡಿಸಿದೆ. ಮಧ್ಯಾಹ್ನದ ಆರೂ ಏಟು ಅವರದ್ದೇ. ರೋಗ ಸಿಕ್ಕಿತು ಅಂತ ನಾವೆಲ್ಲಾ ಚಹಾ ಕುಡಿದೆವು.

ಸಂಜೆ ಸೂರ್ಯ ಮುಳುಗುವಾಗ ಎರಡು ಹೊಡೆದರು, ಸರಿ. ರಾತ್ರಿ ಹತ್ತಕ್ಕೆ ಒಂದು ಹೊಡೆದರು. ಕೇಸು ಮತ್ತೆ ಬೀಡಿಯ ಹಾಗೆ ನಿಂತಿತು. ಹಿಡಿ ಗಟ್ಟಿಯಿತ್ತು, ನಾನೇ ನೋಡಿದ್ದೇನೆ.

ಮೂರನೆಯದು ಮ್ಯಾಗಜಿನ್. ಎರಡು ಇದ್ದವು. ಒಂದಕ್ಕೆ ಕೆಂಪು ದಾರ ಕಟ್ಟಿದೆ, ಗುರುತಿಗೆ. ಶುಕ್ರವಾರ ದಾರ ಇಲ್ಲದ್ದು ಕೈಕೊಟ್ಟಿತ್ತು, ಶನಿವಾರ ರಾತ್ರಿ ದಾರದ್ದು. ಎರಡೂ ಒಂದೇ ಸಲ ಹಾಳಾಗುವ ಸಂಭವ ಕಮ್ಮಿ. ಆದರೆ ಈ ಕೆಲಸ ಪೂರ್ತಿ ದಂಡ ಆಗಲಿಲ್ಲ. ಖಾಲಿ ಮ್ಯಾಗಜಿನ್ನಿನ ಒಳಗಿನ ತಟ್ಟೆಯನ್ನು ಪೆನ್ನಿನ ತುದಿಯಿಂದ ಒತ್ತಿ ಬಿಟ್ಟೆ. ಟಕ್ ಅಂತ ಮೇಲೆ ಹಾರಬೇಕಾದ್ದು, ಮುದುಕರು ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ಮೇಲೆ ಬಂತು. ಇನ್ನೊಂದೂ ಹಾಗೇ. ಸ್ಪ್ರಿಂಗು ಬಲ ಕಳೆದುಕೊಂಡಿದೆ ಅಂದುಕೊಂಡು ಮಲಗಿದೆ. ಅಂಕೋಲೆಯಲ್ಲಿ ಆರು ತೋಟೆಯನ್ನು ಸಲೀಸಾಗಿ ಎತ್ತಿದ ಸ್ಪ್ರಿಂಗು ನಾಲ್ಕು ದಿನದಲ್ಲಿ ಹೇಗೆ ಸೋತಿತು ಅಂತ ಕೇಳಿಕೊಳ್ಳಬೇಕಿತ್ತು. ನಿದ್ದೆ ಬಂದಿತ್ತು.

ಬಚ್ಚಲ ಒಲೆಯ ಪಕ್ಕ

ಭಾನುವಾರ ಬೆಳಿಗ್ಗೆ ಎಣ್ಣೆ ಸ್ನಾನ. ಬಚ್ಚಲಿಗೆ ಹೋದರೆ ಒಲೆಯ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. ಹೆಂಡತಿ ಇಟ್ಟದ್ದು. ಒಂದು ಬದಿ ಕರಗಿ ನೀರಾಗಿತ್ತು, ಇನ್ನೊಂದು ಬದಿ ಇನ್ನೂ ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿ. ಶಿರಸಿಯಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರ ಮನೆಯ ಬಚ್ಚಲಲ್ಲೂ ಇದೇ ಚಿತ್ರ. ದಿನಾ ನೋಡುತ್ತೇನೆ. ಅವತ್ತು ಬಾಟಲಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ.

ಅಂಕೋಲೆಯಲ್ಲಿ ಪಿಸ್ತೂಲು ಒರೆಸಿದ್ದು ಕೊಬ್ಬರಿ ಎಣ್ಣೆಯಿಂದ. ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೇ. ಅಲ್ಲಿ ಬಾಗಿಲ ಕೀಲಿಗೂ ಅದೇ, ಹೊಲಿಗೆ ಮಷೀನಿಗೂ ಅದೇ, ತಲೆಗೂ ಅದೇ. ಧಾರಾಳವಾಗಿ ಹಚ್ಚಿದ್ದೆ. ಸ್ಲೈಡ್ ಓಡುವ ಗೀರುಗಳಿಗೆ, ಎರಡೂ ಮ್ಯಾಗಜಿನ್ನಿನ ಸ್ಪ್ರಿಂಗಿಗೆ, ಪಿನ್ನು ಓಡಾಡುವ ತೂತಿಗೂ ನಾಲ್ಕು ಹನಿ. ಮೂರು ರೋಗ ಕಾಣಿಸಿದ ಮೂರೂ ಜಾಗ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಅಂಕೋಲೆ ಕಾರವಾರದಲ್ಲಿ ಡಿಸೆಂಬರಿನ ಹಗಲಲ್ಲಿ 30 ಡಿಗ್ರಿ ಮಾಮೂಲು, ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ. ಶಿರಸಿ ಇರುವುದು ಘಟ್ಟದ ಮೇಲೆ, ಸುಮಾರು 590 ಮೀಟರ್ ಎತ್ತರದಲ್ಲಿ. ರಾತ್ರಿ 15–16ಕ್ಕೆ ಇಳಿಯುವುದು ಇಲ್ಲಿ ಹೊಸದಲ್ಲ. ಪಿಸ್ತೂಲು ತಗಡಿನ ಪೆಟ್ಟಿಗೆಯಲ್ಲಿ, ಪರದೆಯ ಹಿಂದೆ, ಬಯಲ ಚಳಿಯಲ್ಲಿ ಸಂಜೆಯಿಂದ ಹತ್ತರವರೆಗೆ ಮಲಗಿರುತ್ತಿತ್ತು. ಮಧ್ಯಾಹ್ನ ಅದೇ ಪೆಟ್ಟಿಗೆ ಬಿಸಿಲಿಗೆ ಕಾಯುತ್ತಿತ್ತು. ಮಧ್ಯಾಹ್ನ ಸರಿ, ರಾತ್ರಿ ಜಾಮ್. ಸಂಜೆ ಲೋಹ ಇನ್ನೂ ಬೆಚ್ಚಗಿದ್ದಾಗ ಸರಿ.

ಅದಕ್ಕೆ ಹೊಗೆಯ ಮಸಿಯೂ ಸೇರಿತ್ತು. ಎಣ್ಣೆಯಲ್ಲಿ ಮಸಿ ಕಲಸಿದರೆ ಏನಾಗುತ್ತದೆ ಅಂತ ಮನೆಯಲ್ಲಿ ಮಗುವಿಗೆ ಕಾಡಿಗೆ ಮಾಡಿದವರಿಗೆ ಗೊತ್ತು. ನಾನು ಪಿಸ್ತೂಲಿನೊಳಗೆ ಕಾಡಿಗೆ ತಯಾರಿಸಿದ್ದೆ.

ಉಸ್ತಾದರಿಗೆ ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಅವರು ಬೈಯಲಿಲ್ಲ. "ನಾನೂ ನೋಡ್ತಾ ಇದ್ದೆ ಮಾರಾಯ್ರೇ, ಅದು ಗನ್ ಆಯಿಲ್ ಅಂತಲೇ ತಿಳಿದೆ" ಅಂದರು. ಆಮೇಲೆ, "ಚಿಕ್ಕಮ್ಮನ ಮೀನು ಸಾರಿನ ಮುಂದೆ ಬೇರೆ ವಾಸನೆ ಎಲ್ಲಿ ಬರುತ್ತೆ" ಅಂತ ಸೇರಿಸಿದರು.

ಹೊಡೆಯದೇ ಪರೀಕ್ಷೆ

ಅನುಮಾನ ಸರಿ ಅಂತ ಸಾಬೀತು ಮಾಡಲು ತೋಟೆ ಸುಡುವ ಅಗತ್ಯ ಇರಲಿಲ್ಲ. ದಾರ ಕಟ್ಟಿದ ಮ್ಯಾಗಜಿನ್ನನ್ನು ಮಾತ್ರ ತೊಳೆದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡೂ ಖಾಲಿ. ಮಧ್ಯಾಹ್ನ ಬಿಸಿಲಲ್ಲಿಟ್ಟು ಪೆನ್ನಿನಿಂದ ಒತ್ತಿದರೆ ಎರಡೂ ಟಕ್ ಅಂದವು. ರಾತ್ರಿ ಎಂಟಕ್ಕೆ ಎರಡನ್ನೂ ಅಂಗಳದ ತುಳಸಿಕಟ್ಟೆಯ ಮೇಲಿಟ್ಟೆ. ಹತ್ತಕ್ಕೆ ನೋಡಿದರೆ ತೊಳೆದದ್ದು ಟಕ್, ತೊಳೆಯದ್ದು ಮುದುಕರ ನಡಿಗೆ. ಉಗುರಿನಿಂದ ಗೀರಿದರೆ ಬೂದುಬಣ್ಣದ ಮೇಣದಂಥದ್ದು ಬಂತು. ಬೆರಳಲ್ಲಿ ತಿಕ್ಕಿದ ಕೂಡಲೇ ಮೈಶಾಖಕ್ಕೆ ಕರಗಿತು. ಇನ್ನೇನು ಬೇಕು.

ಆಮೇಲೆ ಉಸ್ತಾದರ ಎದುರಿಗೇ ಎಲ್ಲವನ್ನೂ ಬಿಚ್ಚಿದೆವು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಪ್ಲಾಸ್ಟಿಕ್ಕಿನ ಹಿಡಿಕೆಗೆ ಸೀಮೆಎಣ್ಣೆ ತಾಗದ ಹಾಗೆ ನೋಡಿಕೊಂಡೆವು. ತೋಟೆಯ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗ ಹಾಕಿ. ತೋಟೆ ಕೂರುವ ಕೋಣೆಯ ಗೋಡೆಗೆ ಮಸಿ ಅಂಟಿತ್ತು. ಅದನ್ನು ಪೂರ್ತಿ ತೆಗೆದು ಒಣಗಿಸಿದೆವು. ಅಲ್ಲಿ ಎಣ್ಣೆಯೇ ಬೇಡ. ಕೇಸನ್ನು ಹಿಡಿದೆಳೆಯುವ ಕೊಕ್ಕೆಯ ಕೆಳಗೂ ಒಂದು ಚೂರು ಮಸಿ ಗಟ್ಟಿಯಾಗಿ ಕೂತಿತ್ತು, ಕಡ್ಡಿಯಿಂದ ಕೆದಕಿದೆ. ಪಿನ್ನಿನ ತೂತನ್ನು ಒಣ ಬಟ್ಟೆಯ ಬತ್ತಿಯಿಂದ ಒರೆಸಿ ಹಾಗೇ ಬಿಟ್ಟೆವು, ಅಲ್ಲಿಗೂ ಎಣ್ಣೆ ಇಲ್ಲ. ಸ್ಲೈಡಿನ ಎರಡು ಗೀರಿಗೆ ಮಾತ್ರ ಹೊಲಿಗೆ ಮಷೀನಿನ ತೆಳು ಎಣ್ಣೆ, ಬದಿಗೆ ಒಂದೊಂದು ಹನಿ. ಅಷ್ಟೇ ಸಾಕು. ಎಣ್ಣೆ ಜಾಸ್ತಿಯಾದರೆ ಮಸಿ ಹಿಡಿಯುವುದೂ ಜಾಸ್ತಿ, ಅದು ಯಾವ ಎಣ್ಣೆಯಾದರೂ ಸರಿ.

ಮುಂದಿನ ಸಲ ಸೀದಾ ಕಡಲ ತೀರದಿಂದ ಘಟ್ಟದ ಮೇಲಕ್ಕೆ ತಂದರೆ ಏನು ಮಾಡುತ್ತೇನೆ ಅಂತ ಕೇಳಿದರೆ, ಪಿಸ್ತೂಲು ಜಾಮ್ ಆದ ಗಂಟೆ ಬರೆದಿಡುತ್ತೇನೆ. ನಾವು ಎಷ್ಟನೆಯ ಏಟಿಗೆ ಜಾಮ್ ಆಯಿತು ಅಂತ ಬರೆದೆವು, ಯಾವ ಮ್ಯಾಗಜಿನ್ ಅಂತ ಬರೆದೆವು. ಎಷ್ಟು ಗಂಟೆಗೆ ಅಂತ ಬರೆಯಲೇ ಇಲ್ಲ. ಬರೆದಿದ್ದರೆ ಶನಿವಾರವೇ ಚಳಿಯ ಮೇಲೆ ಕಣ್ಣು ಹೋಗುತ್ತಿತ್ತು.

ಭಾನುವಾರ ತಡರಾತ್ರಿ, ಬೇಕೆಂದೇ ಎರಡು ಗಂಟೆ ಚಳಿಯಲ್ಲಿಟ್ಟು, ಮತ್ತೆ 1, 2, 3ರ ಕ್ರಮದಲ್ಲಿ 6 ಹೊಡೆದೆವು. ಆರೂ ಸಿಡಿದವು, ಆರೂ ಕೇಸು ಹಾರಿದವು. ಪಿನ್ನಿನ ಗುರುತು ಆರರಲ್ಲೂ ಆಳವಾಗಿತ್ತು. ಪಕ್ಕದ ಮನೆಯ ನಾಯಿ ಮಾತ್ರ ಬೆಳಗಿನವರೆಗೆ ಬೊಗಳಿತು.

ಲೆಕ್ಕ

ಸೋಮವಾರ ನಾಟಕ. ಮೇಷ್ಟ್ರು ಮೂರು ಹೊಡೆದರು. ಸ್ಲೈಡ್ ಪೂರ್ತಿ ಎಳೆದು ಫಟ್ ಅಂತ ಬಿಟ್ಟಾಗಲೇ ಮುಂದಿನ ಸಾಲಿನವರು ಬೆಚ್ಚಿದರು. ಸಾಲಿನ ಮಕ್ಕಳಿಗೆ ಕಿವಿ ಮುಚ್ಚಿಕೊಳ್ಳಲು ಮೊದಲೇ ಮೈಕಿನಲ್ಲಿ ಹೇಳಿದ್ದೆವು.

ಜನ ಹೋದ ಮೇಲೆ ಉಸ್ತಾದರು ಪುಸ್ತಕ ತೆರೆದರು. ಅಂಕೋಲೆಯಲ್ಲಿ 12, ಶುಕ್ರವಾರ 2, ಶನಿವಾರ ಮಧ್ಯಾಹ್ನ 6, ಸಂಜೆ ರಾತ್ರಿ ಸೇರಿ 3, ಭಾನುವಾರ 6, ನಾಟಕಕ್ಕೆ 3. ಸಿಡಿದದ್ದು 32. ಸಿಡಿಯದೆ ಕಿಸೆಗೆ ಹೋದದ್ದು 1. ಡಬ್ಬಿಯಲ್ಲಿ ಉಳಿದದ್ದು 17. ಒಟ್ಟು 50, ಸರಿ ಹೋಯಿತು. ಖಾಲಿ ಕೇಸು ಎಣಿಸಿದರೆ 31. ಟಾರ್ಚು ಹಿಡಿದು ರಂಗದ ಹಲಗೆಯ ಸಂದು, ಹುಲ್ಲು, ಪರದೆಯ ಮಡಿಕೆ ಎಲ್ಲಾ ತಡಕಿದೆವು. ಒಂದು ಗಂಟೆ ರಾತ್ರಿ, ಕೈ ಮರಗಟ್ಟುವ ಚಳಿ. ಮೇಷ್ಟ್ರು ಕುರ್ಚಿಯಲ್ಲಿ ಕೂತು ವೇಷ ಕಳಚುತ್ತಿದ್ದರು. ಸಾಹೇಬನ ಉದ್ದ ಬೂಟನ್ನು ಎಳೆದು ತಲೆಕೆಳಗು ಮಾಡಿದಾಗ ಟಿಣ್ ಅಂತ ಬಿತ್ತು.